ಕಂದು ಹಿಡಿಯದ ಗಾಜು

ತಿರುವನಂತಪುರದ ಆ ದೊಡ್ಡ ಆಸ್ಪತ್ರೆಯಲ್ಲಿ ರಾಧಾಮಣಿಗೆ ಎರಡು ಕಾರಣಕ್ಕೆ ಹೆಸರಿತ್ತು. ಒಂದು, ಬಣ್ಣ ಗುರುತಿಸುವ ಕಣ್ಣು. ಇನ್ನೊಂದು, ಗಂಟುಮುಖ. ಕಣ್ಣು ಹುಟ್ಟಿನಿಂದ ಬಂದದ್ದು. ಮುಖವನ್ನು ಮಾತ್ರ ಕೆಲಸಕ್ಕೆ ಸೇರಿದ ಮೇಲೆ ಕಲಿತದ್ದು. ಮನೆಯಲ್ಲಿ ಅವಳಷ್ಟು ನಗುವ ಹೆಂಗಸು ಬೀದಿಯಲ್ಲೇ ಇಲ್ಲ ಎಂದು ಅವಳ ಗಂಡ ವಿಕ್ರಮನ್ ಆಣೆ ಹಾಕಿ ಹೇಳುತ್ತಿದ್ದ. ಆಸ್ಪತ್ರೆಯವರು ಯಾರೂ ನಂಬುತ್ತಿರಲಿಲ್ಲ, ಅಷ್ಟೆ.

ಅವಳ ಕೆಲಸ ಹೀಗೆ. ಯಾರದೋ ಒಡಲಿನಿಂದ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಅಚ್ಚು ಹಾಕಬೇಕು. ಅದನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲೆ ಹರಡಬೇಕು. ಆಮೇಲೆ ಒಂದರ ಹಿಂದೆ ಒಂದು ದ್ರವ ಹಾಕಿ, ತೊಳೆದು, ಕಾದು, ಕೊನೆಗೊಂದು ತೊಟ್ಟು ಬಿಟ್ಟರೆ, ಹುಡುಕುತ್ತಿರುವ ವಸ್ತು ಆ ಗಡ್ಡೆಯಲ್ಲಿ ಇದ್ದರೆ ಅಲ್ಲಲ್ಲಿ ಕಂದು ಬಣ್ಣ ಏಳುತ್ತದೆ. ಇಲ್ಲದಿದ್ದರೆ ಎಲ್ಲ ತಿಳಿನೀಲಿಯಾಗಿಯೇ ಉಳಿಯುತ್ತದೆ. ಆ ಕೊನೆಯ ತೊಟ್ಟಿನದ್ದೇ ರಗಳೆ. ಒಂದು ನಿಮಿಷ ಹೆಚ್ಚಾದರೆ ಎಲ್ಲವೂ ಕಂದು, ಒಂದು ನಿಮಿಷ ಕಡಿಮೆಯಾದರೆ ಇದ್ದದ್ದೂ ಕಾಣದು. ಅದಕ್ಕೆ ಒದ್ದೆ ಗಾಜನ್ನೇ ಹಳೆಯ ಮೈಕ್ರೋಸ್ಕೋಪಿನ ಕೆಳಗಿಟ್ಟು, ಕಣ್ಣು ರೆಪ್ಪೆ ಬಡಿಯದೆ ನೋಡುತ್ತ, ಸರಿಯಾದ ಗಳಿಗೆಯಲ್ಲಿ ನೀರಿಗೆ ಅದ್ದಬೇಕು. ಹಾಗಾಗಿ ಡಾಕ್ಟರಿಗಿಂತ ಮೊದಲು, ರೋಗಿಗಿಂತ ಮೊದಲು, ಒಬ್ಬರ ಒಡಲಿನ ಸುದ್ದಿ ತಿಳಿಯುತ್ತಿದ್ದುದು ರಾಧಾಮಣಿಗೆ.

ಮುಖದ ಪಾಠ ಹೇಳಿಕೊಟ್ಟವಳು ಆಗಿನ ಹಿರಿಯಳು ಕಾರ್ತ್ಯಾಯನಿಯಮ್ಮ. ಆ ಆಸ್ಪತ್ರೆಯಲ್ಲಿ ಗಡ್ಡೆಯ ಬಾಟಲಿಯನ್ನೂ ಬೇರೆ ಆಸ್ಪತ್ರೆಯಲ್ಲಿ ಹಾಕಿಸಿದ ಮೇಣದ ಅಚ್ಚನ್ನೂ ಮನೆಯವರೇ ಹೊತ್ತು ತಂದು ಕಿಟಕಿಯಲ್ಲಿ ಕೊಡಬೇಕು. ಕೊಟ್ಟವರು ಅಲ್ಲೇ ಬೆಂಚಿನ ಮೇಲೆ ಕೂತು ಒಳಗಿನವರ ಮುಖ ಓದುತ್ತಾರೆ. "ಚೀಟಿ ಕೊಡುವಾಗ ರಿಜಿಸ್ಟರ್ ನೋಡು ಹುಡುಗಿ, ಮನುಷ್ಯರನ್ನ ನೋಡ್ಬೇಡ. ನಿನ್ನ ಹುಬ್ಬು ಒಂಚೂರು ಮೇಲೇರಿದ್ರೆ ಸಾಕು, ಅವರ ಮನೇಲಿ ಅವತ್ತು ಒಲೆ ಹಚ್ಚಲ್ಲ," ಎಂದಿದ್ದಳು. ರಾಧಾಮಣಿ ಇಪ್ಪತ್ತೆರಡು ವರ್ಷ ರಿಜಿಸ್ಟರ್ ನೋಡಿದಳು.

ಒಂದು ಮಾತು ಹೇಳಲೇಬೇಕು, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಂಥ ಕಡೆ ಗಾಜು ಚೆನ್ನಾಗಿ ಬಂತೇ ಎಂದು ಕೇಳುವವರು ಹತ್ತು ಜನ. ಬಂದದ್ದರ ಅರ್ಥ ಇಂಥದ್ದು ಎಂದು ಆ ಹೆಂಗಸಿಗೆ ಕೂರಿಸಿ ಹೇಳಿದವರು ಒಬ್ಬರೂ ಇಲ್ಲ. ಬಣ್ಣ ಹಾಕುವುದು ಅವಳ ಕೆಲಸ, ಅರ್ಥ ಮಾಡುವುದು ಡಾಕ್ಟರ ಕೆಲಸ. ಅವಳೂ ಕೇಳಿದವಳಲ್ಲ. ಸ್ತನದ ಗಡ್ಡೆಗಳಲ್ಲಿ ಜೀವಕೋಶದ ಮೈಮೇಲೆ ಹುಡುಕುವ, ಗ್ರಾಹಿ ಎಂದು ಕರೆಯುವ ಒಂದು ವಸ್ತು ಅವಳ ಮೇಜಿನ ಪಾಲಿಗೆ ಬಂದಿತ್ತು. ಗಾಜಿನಲ್ಲಿ ಕೋಳಿಗೂಡಿನ ಬಲೆಯ ಹಾಗೆ ಕಂದು ಎದ್ದರೆ ಡಾಕ್ಟರುಗಳು ಲೊಚಗುಟ್ಟುವರು; ನೀಲಿಯಾಗಿ ಉಳಿದರೆ "ಸದ್ಯ" ಎನ್ನುವರು. ಅದನ್ನು ಕೇಳಿ ಕೇಳಿ, ಕಂದು ಹಿಡಿದರೆ ಕೇಡು ಎಂಬುದು ಅವಳ ತಲೆಯಲ್ಲಿ ತಾನಾಗಿ ಕೂತುಬಿಟ್ಟಿತ್ತು.

ಆ ವರ್ಷ ಓಣಂ ಹತ್ತಿರ ಬಂದಾಗ ಡಾಕ್ಟರ್ ಎಲ್ಸಿ ತರಕನ್ ಹೊಸದೊಂದು ಪುಟ್ಟ ಸೀಸೆ ತಂದು ಅವಳ ಮೇಜಿನ ಮೇಲಿಟ್ಟರು. ಗಾಜು ನೋಡಿ ರೋಗ ಹೇಳುವ ವಿಭಾಗಕ್ಕೆ ಅವರೇ ಹಿರಿಯರು.

"ಇದು ಬೇರೆ ಗ್ರಾಹಿ ರಾಧಾಮಣೀ. ಮಕ್ಕಳ ಮೆದುಳಿನ ಗಡ್ಡೆಗೆ. ಮುಂದೆ ಯಾವ ಮಗು ಹೇಗಿರುತ್ತೆ ಅಂತ ಇದು ಏನಾದ್ರೂ ಸುಳಿವು ಕೊಡುತ್ತಾ ನೋಡ್ಬೇಕು. ಮೂವತ್ತು ಮಕ್ಕಳದ್ದು ಮಾಡೋಣ."

ಎಷ್ಟು ನೀರು ಬೆರೆಸಬೇಕು, ಎಷ್ಟು ಹೊತ್ತು ಇಡಬೇಕು, ಎಲ್ಲ ಹೇಳಿದರು. ಯಾವ ಬಣ್ಣ ಬಂದರೆ ಯಾವ ಸುಳಿವು ಎನ್ನುವುದನ್ನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಆ ಮೂವತ್ತರಲ್ಲಿ ಒಂದು ಗೋಪಿಕಳದ್ದು. ಏಳು ವರ್ಷದ ಹುಡುಗಿ. ಅಪ್ಪ ತುಳಸೀಧರನ್ ಪತ್ತನಾಪುರದ ಕಡೆ ರಬ್ಬರ್ ಮರಕ್ಕೆ ಗೀರು ಹಾಕಿ ಹಾಲು ಇಳಿಸುವವನು. ತಲೆಯ ಹಿಂಭಾಗದ ಗಡ್ಡೆಯನ್ನು ಬೇರೆ ಊರಿನ ಆಸ್ಪತ್ರೆಯಲ್ಲಿ ತೆಗೆದು ಐದು ವಾರವಾಗಿತ್ತು. ಮೇಣದ ಅಚ್ಚನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದ. ಹೆಂಡತಿ ಅಂಬಿಳಿ ಮಗುವಿನ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದಳು. ಮಗುವಿಗೆ ಬೋಳುತಲೆಯ ಮೇಲೊಂದು ಹೂವಿನ ಬಟ್ಟೆಯ ಟೋಪಿ. ನಡೆಯುವಾಗ ಗೋಡೆ ಹಿಡಿದೇ ನಡೆಯಬೇಕು.

ಕರೆಂಟು ಕೊಡುವ, ಅಂದರೆ ವಿಕಿರಣ ಹಾಯಿಸುವ, ವಿಭಾಗದ ಡಾಕ್ಟರು ಅವನಿಗೆ ಎಲ್ಲ ಬಿಡಿಸಿ ಹೇಳಿದ್ದರು. ಆರು ವಾರ ತಲೆಗೂ ಬೆನ್ನಿಗೂ ಕರೆಂಟು ಕೊಡಬೇಕು, ಓಣಂ ಮುಗಿದ ಮರುದಿನವೇ ಶುರುವಾಗಬೇಕು, ತಡವಾದರೆ ಗಡ್ಡೆ ಮತ್ತೆ ಬರುತ್ತದೆ. ಕೊಟ್ಟರೆ ಮಗು ಎತ್ತರ ಬೆಳೆಯದಿರಬಹುದು, ಓದು ನಿಧಾನವಾಗಬಹುದು. ತುಳಸೀಧರನ್ ಅಲ್ಲೇ ಸಿಕ್ಕಿಹಾಕಿಕೊಂಡ. ಕೊಡಿಸಿದರೆ ಮಗು ಮಂಕಾಗುತ್ತದೆ, ಕೊಡಿಸದಿದ್ದರೆ ಏನು ಎನ್ನುವುದನ್ನು ಯೋಚಿಸಲು ಅವನಿಗೆ ಧೈರ್ಯವಿಲ್ಲ. ಊರಿನಲ್ಲಿ ಭಾವಮೈದುನ ಬೇರೆ, ಕರೆಂಟು ಗಿರೆಂಟು ಬೇಡ ಎಂದು ದಿನಾ ಫೋನು ಮಾಡುತ್ತಿದ್ದ. ಹೀಗಿರುವಾಗ ಎಲ್ಸಿ ಡಾಕ್ಟರು ಕಾರಿಡಾರಿನಲ್ಲಿ ನಡೆದು ಹೋಗುತ್ತ, "ಇನ್ನೊಂದು ಹೊಸ ಪರೀಕ್ಷೆ ಮಾಡ್ತಿದೀವಿ, ನೋಡೋಣ," ಎಂದುಬಿಟ್ಟರು. ಆ "ನೋಡೋಣ" ಎಂಬುದನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಇನ್ನು ಆ ಪರೀಕ್ಷೆ ಹೇಳಿದಂತೆ ಎಂದು ತೀರ್ಮಾನಿಸಿ ನಾಲ್ಕು ದಿನ ಕಿಟಕಿಯ ಮುಂದೆ ನಿಂತ.

ಶುಕ್ರವಾರ ಗೋಪಿಕಳ ಗಾಜು ಮೈಕ್ರೋಸ್ಕೋಪಿನ ಕೆಳಗಿತ್ತು. ರಾಧಾಮಣಿ ಕಾದಳು. ಒಂದು ನಿಮಿಷ, ಮೂರು, ಐದು. ಗಡ್ಡೆಯಲ್ಲಿ ಎಲ್ಲೂ ಕಂದು ಏಳಲಿಲ್ಲ. ತಿಳಿನೀಲಿ, ಚೊಕ್ಕ ನೀಲಿ. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಲೆಯೆತ್ತಿದರೆ ಕಿಟಕಿಯಲ್ಲಿ ತುಳಸೀಧರನ್, ಅವನ ಪಕ್ಕದಲ್ಲಿ ಸರಳು ಹಿಡಿದು ನಿಂತ ಗೋಪಿಕ, ಹಿಂದೆ ಅಂಬಿಳಿ. ಮಗು ಅವಳ ಕಡೆಗೇ ನೋಡುತ್ತಿತ್ತು. ಇಪ್ಪತ್ತೆರಡು ವರ್ಷದ ಗಂಟು ಅದು ಹೇಗೆ ಬಿಚ್ಚಿತೋ, ರಾಧಾಮಣಿ ಮಗುವಿನ ಮುಖ ನೋಡಿ ಬಾಯಿ ತುಂಬ ನಕ್ಕುಬಿಟ್ಟಳು.

"ಚೇಚೀ?" ಎಂದು ಅಕ್ಕನನ್ನು ಕರೆಯುವಂತೆ ಕರೆದ ತುಳಸೀಧರನ್.

"ಏನೂ ಹಿಡಿದಿಲ್ಲ. ಒಳ್ಳೇದೇ ಅಂತ ಇಟ್ಕೋ."

ಅಷ್ಟೇ ಅವಳು ಆಡಿದ್ದು. ಅವನು ಎರಡೂ ಕೈ ಎತ್ತಿ ಮುಗಿದ. ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ತನ್ನ ಬಗ್ಗೆ ತನಗೇ ಅವಳಿಗೆ ಒಂಥರಾ ಖುಷಿ. ಇಷ್ಟು ಸಣ್ಣ ಮಾತಿಗೆ ಇಷ್ಟು ವರ್ಷ ಯಾಕೆ ಬಿಗಿದುಕೊಂಡಿದ್ದೆ ಎಂದು ವಿಕ್ರಮನ್‌ನ ಹತ್ತಿರವೂ ಹೇಳಿಕೊಂಡಳು.

ಶನಿವಾರ ಬೆಳಿಗ್ಗೆ ಎಲ್ಸಿ ಡಾಕ್ಟರು ಗಾಜು ನೋಡಿ ಕುರ್ಚಿಗೆ ಒರಗಿದರು. "ಅಯ್ಯೋ, ಈ ಮಗೂಗೆ ಇಲ್ಲವಲ್ಲ," ಎಂದರು.

ರಾಧಾಮಣಿಗೆ ಅರ್ಥವಾಗಲಿಲ್ಲ. "ಇಲ್ದಿದ್ರೆ ಒಳ್ಳೇದಲ್ವಾ ಡಾಕ್ಟರ್?"

"ಇದರಲ್ಲಿ ಉಲ್ಟಾ. ಗ್ರಾಹಿ ಅಂದ್ರೆ ಜೀವಕೋಶದ ಕಿವಿ ಅಂತ ತಿಳ್ಕೋ. ನೀನು ದಿನಾ ನೋಡೋ ಗಡ್ಡೇಲಿ ಆ ಕಿವಿ 'ಹೆಚ್ಚು, ಹೆಚ್ಚು' ಅನ್ನೋದನ್ನ ಕೇಳಿಸ್ಕೊಳ್ಳುತ್ತೆ, ಅದಕ್ಕೆ ಅಲ್ಲಿ ಅದು ಇರಬಾರದು. ಇದು ಬೇರೆ ಕಿವಿ. 'ಕುಣಿದಿದ್ದು ಸಾಕು, ಬೆಳೆದು ತೆಪ್ಪಗಿರು, ಇಲ್ಲಾ ಸಾಯಿ' ಅನ್ನೋದನ್ನ ಕೇಳಿಸ್ಕೊಳ್ಳುತ್ತೆ. ಆ ಕಿವಿ ಇರೋ ಗಡ್ಡೆಯ ಮಕ್ಕಳು ಹೆಚ್ಚು ಮಂದಿ ಉಳೀತಾರೆ ಅಂತ ಲೆಕ್ಕ. ಇಲ್ಲದೋರಲ್ಲಿ ಕಡಿಮೆ."

"ಹಾಗಾದ್ರೆ ಈ ಮಗು?"

"ಅದು ನೂರು ಮಕ್ಕಳ ಮಾತು. ಒಂದು ಮಗೂಗೆ ಅದನ್ನ ಹೇಳಕ್ಕಾಗಲ್ಲ. ಕಡಿಮೆ ಮಂದಿ ಅಂದ್ರೆ ಯಾರೂ ಇಲ್ಲ ಅಂತಲ್ಲ."

"ಬಣ್ಣ ಬಂದಿದ್ರೆ ಕರೆಂಟು ಬೇಡ್ವಾಗಿತ್ತಾ?"

"ಯಾರು ಹೇಳಿದ್ದು ಹಾಗೆ? ಕಂದಾದ್ರೂ ನೀಲಿಯಾದ್ರೂ ಕರೆಂಟು ಬೇಕೇ ಬೇಕು. ಇವತ್ತು ಕರೆಂಟಿನ ವಿಭಾಗದಲ್ಲಿ ಆ ಮಗೂಗೆ ತಲೆ ಅಲ್ಲಾಡದ ಹಾಗೆ ಹಾಕೋ ಮುಖವಾಡದ ಅಳತೆ ತಗೋಬೇಕಿತ್ತು. ಬಂದೇ ಇಲ್ಲವಂತೆ, ಅಲ್ಲಿಂದ ಫೋನ್ ಬಂದಿತ್ತು. ಪರೀಕ್ಷೆ ಚೆನ್ನಾಗಿ ಬಂತು, ಊರಿಗೆ ಹೋಗ್ತೀವಿ ಅಂತ ವಾರ್ಡಲ್ಲಿ ಹೇಳಿದಾರಂತೆ. ಯಾವ ಪರೀಕ್ಷೆಯೋ, ಯಾರು ಹೇಳಿದ್ರೋ."

ಹೇಳಿದವಳು ನಾನೇ ಎನ್ನಲು ರಾಧಾಮಣಿಗೆ ಬಾಯಿ ಬರಲಿಲ್ಲ.

ಆಗಲೇ ಓಡಬೇಕಿತ್ತು ಅವಳು. ಓಡಲಿಲ್ಲ. ಹೋಗಿ ಗೋಪಿಕಳ ಅಚ್ಚಿನಿಂದ ಮತ್ತೊಂದು ಎಳೆ ಸೀಳಿ ಗಾಜಿನ ಮೇಲೆ ಹರಡಿದಳು. ಎಲ್ಲೋ ತನ್ನ ಕೈ ತಪ್ಪಿರಬೇಕು, ಸೀಸೆಯ ದ್ರವ ಹಾಕುವುದೇ ಮರೆತಿರಬೇಕು, ನೀರು ಹೆಚ್ಚು ಬೆರೆಸಿರಬೇಕು! ಯಾರಾದರೂ ತನ್ನ ಕೆಲಸದಲ್ಲಿ ಒಂದು ತಪ್ಪು ಹುಡುಕಿದರೆ ಮಾರು ದೂರ ಹಾರುತ್ತಿದ್ದ ಹೆಂಗಸು ಈಗ ಪದ್ಮನಾಭಸ್ವಾಮಿಗೆ ಹರಕೆ ಹೊತ್ತುಕೊಂಡು ತನ್ನ ತಪ್ಪನ್ನೇ ಹುಡುಕುತ್ತಿದ್ದಳು. ನಿನ್ನೆಯ ಗಾಜಿನ ತುದಿಯಲ್ಲಿ ಸಾಕ್ಷಿಗೆಂದು ಇಟ್ಟಿದ್ದ, ಕಂದು ಹಿಡಿದೇ ಹಿಡಿಯಬೇಕಾದ ಇನ್ನೊಂದು ಚೂರು ಚೆನ್ನಾಗಿ ಕಂದು ಹಿಡಿದಿತ್ತು. ಕೆಲಸ ಸರಿಯಾಗಿದೆ ಎನ್ನಲು ಅದಕ್ಕಿಂತ ಇನ್ನೇನು ಬೇಕು? ಅದನ್ನು ಕಂಡೂ ಕಾಣದವಳಂತೆ ಕೂತಳು. ಮಧ್ಯಾಹ್ನ ಎರಡು ಗಂಟೆಗೆ ಕೊನೆಯ ತೊಟ್ಟು ಬಿಟ್ಟಳು. ಸಾಕ್ಷಿಯ ಚೂರು ಕಂದಾಯಿತು. ಗೋಪಿಕಳ ಚೂರು ನೀಲಿಯಾಗಿಯೇ ಉಳಿಯಿತು.

ಅವಳು ಚಪ್ಪಲಿ ಮೆಟ್ಟಿಕೊಂಡು, ತುಳಸೀಧರನ್ ಸಂಸಾರ ಇಳಿದುಕೊಂಡಿದ್ದ ಇಳಿಜಾರಿನ ಲಾಡ್ಜಿಗೆ ಓಡಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡದ್ದು ಮೆಟ್ಟಿಲು ಹತ್ತುವಷ್ಟರಲ್ಲಿ ಕಲಸಿಹೋಯಿತು. ಒಳ್ಳೆಯದಲ್ಲ ಎನ್ನಬೇಕೆ? ಕೆಟ್ಟದ್ದೂ ಅಲ್ಲವಂತೆ. ಉಳಿಯುವುದಿಲ್ಲ ಎಂದು ಯಾರೂ ಹೇಳಿಲ್ಲ. ಉಳಿಯುತ್ತಾಳೆ ಎಂದೂ ಹೇಳಿಲ್ಲ. ಹಾಗಾದರೆ ತಾನು ವಾಪಸು ತೆಗೆದುಕೊಳ್ಳಲು ಬಂದಿರುವುದಾದರೂ ಏನನ್ನು?

ತುಳಸೀಧರನ್ ಒಬ್ಬನೇ ಇದ್ದ. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಮಂಚದ ಮೇಲೆ ಗೋಪಿಕಳಿಗೆ ಓಣಂಗೆಂದು ತಂದ ಹೊಸ ಲಂಗ.

"ಅರೆ ಚೇಚಿ, ಬನ್ನಿ ಬನ್ನಿ. ನಾನೇ ಬಂದು ಹೇಳಿ ಹೋಗ್ಬೇಕು ಅಂತಿದ್ದೆ. ಐದು ಗಂಟೆ ಬಸ್ಸು. ಅಂಬಿಳಿ ಮಗೂನ ಕರ್ಕೊಂಡು ಚಿಪ್ಸ್ ತರಕ್ಕೆ ಹೋಗಿದಾಳೆ."

"ತುಳಸೀಧರಾ, ನಿನ್ನೆ ನಾನು ಹೇಳಿದ್ದು ತಪ್ಪು."

"ಯಾವುದು?"

"ಬಣ್ಣ ಹಿಡಿದಿಲ್ಲ ಅನ್ನೋದು ನಿಜ. ಅದು ಒಳ್ಳೇದು ಅಂದಿದ್ದು ತಪ್ಪು. ಈ ಗಡ್ಡೇಲಿ ಹಿಡಿದ್ರೇ ಒಳ್ಳೇದಂತೆ. ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೇ ಬಾಯಿ ಹಾಕ್ದೆ."

ಅವನು ಮೊದಲು ನಕ್ಕ. ಆಮೇಲೆ ಹಗ್ಗ ಕೈಬಿಟ್ಟ. "ನಿನ್ನೆ ಹಿಡೀದಿದ್ರೆ ಒಳ್ಳೇದು. ಇವತ್ತು ಹಿಡೀದಿದ್ರೆ ಕೆಟ್ಟದ್ದು. ನಾಳೆ ಏನು ಹೇಳ್ತೀರಿ ಚೇಚಿ? ನೀವು ಅಲ್ಲಿ ಗಾಜು ನೋಡ್ತೀರೋ, ಕವಡೆ ಹಾಕ್ತೀರೋ?"

"ಬಯ್ಯಿ. ಬಯ್ಯಬೇಕಾದ್ದೇ."

"ಬಯ್ದು ಏನ್ ಮಾಡ್ಲಿ. ಮಗು ಉಳಿಯಲ್ವಾ? ಅದು ಹೇಳಿ."

"ಅದೂ ಹಾಗಲ್ಲ."

"ಮತ್ತೆ ಹೇಗೆ?"

ಡಾಕ್ಟರು ಹೇಳಿದ ಕಿವಿಯ ಕಥೆಯನ್ನು ಅವಳು ಹೇಳಲು ಹೋದಳು. ಅರ್ಧಕ್ಕೆ ಅವಳಿಗೇ ಯಾವ ಕಿವಿ ಯಾವುದನ್ನು ಕೇಳುತ್ತದೆಂದು ತಪ್ಪಿಹೋಯಿತು. ಬಿಟ್ಟುಬಿಟ್ಟಳು. "ನೋಡು, ಬಣ್ಣ ಹಿಡಿದ ಮಕ್ಕಳಲ್ಲಿ ಹೆಚ್ಚು ಜನ ಉಳೀತಾರಂತೆ. ಹಿಡೀದಿರೋರಲ್ಲೂ ಉಳೀತಾರೆ, ಕಡಿಮೆ ಜನ. ಗೋಪಿಕ ಅದರಲ್ಲಿ ಯಾರು ಅಂತ ಗಾಜಿಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಕರೆಂಟು ಕೊಡಿಸ್ದಿದ್ರೆ ಮಾತ್ರ ಗಡ್ಡೆ ಮತ್ತೆ ಬರುತ್ತೆ. ಅದು ಎಲ್ಲರಿಗೂ ಗೊತ್ತು."

"ಬಣ್ಣ ಹಿಡಿದಿದ್ರೆ ಕರೆಂಟು ಬೇಡ್ವಾಗಿತ್ತಾ?"

"ಆಗಲೂ ಬೇಕಿತ್ತು."

"ಹಿಡಿದ್ರೂ ಬೇಕು, ಹಿಡೀದಿದ್ರೂ ಬೇಕು. ಮತ್ತೆ ನೀವು ಯಾಕೆ ನೋಡಿದ್ರಿ?"

"ಮುಂದೆ ಬರೋ ಮಕ್ಕಳಿಗೆ ಉಪಯೋಗ ಆಗುತ್ತೆ ಅಂತ." ತನ್ನ ಬಾಯಿಂದ ಬಂದ ಆ ಮಾತನ್ನು ಅವಳಿಗೇ ಕೇಳಲಾಗಲಿಲ್ಲ.

ತುಳಸೀಧರನ್ ಮಂಚದ ಮೇಲೆ, ಲಂಗದ ಪಕ್ಕ ಕೂತ. "ನಿನ್ನೆ ಐದು ವಾರದಲ್ಲಿ ಮೊದಲನೇ ಸಲ ನಿದ್ದೆ ಬಂತು ನನಗೆ," ಎಂದ. "ಅದನ್ನೂ ತಗೊಂಡು ಹೋಗಕ್ಕೆ ಬಂದ್ರಿ."

ರಾಧಾಮಣಿಗೆ ಅಳು ಬಂತು. ಅಳುವ ಹಕ್ಕು ತನಗಿಲ್ಲವೆಂದು ತುಟಿ ಕಚ್ಚಿ ನಿಂತಳು. ಕೆಳಗಿನಿಂದ ಮೆಟ್ಟಿಲ ಮೇಲೆ ಗೋಪಿಕಳ ದನಿ, ಒಂದು, ಎರಡು ಎಂದು ಎಣಿಸುತ್ತ ಹತ್ತುತ್ತಿತ್ತು. ತುಳಸೀಧರನ್ ತಟ್ಟನೆ ಎದ್ದ.

"ಮಗೂನ ಆಸ್ಪತ್ರೆಗೆ ಕರ್ಕೊಂಡು ಬರ್ತೀನಿ. ಕರೆಂಟು ಕೊಡಿಸ್ತೀನಿ. ಅಂಬಿಳಿಗೆ ಮಾತ್ರ ಹೇಳ್ಬೇಡಿ. ನಿನ್ನೆ ನಿಮ್ಮ ಮಾತು ಕೇಳಿ ಒಂದು ತಟ್ಟೆ ಅನ್ನ ಉಂಡಳು ಅವಳು. ಖಾತ್ರಿಗೆ ಅಂತ ಕರೆಂಟು ಕೊಡ್ತಾರಂತೆ ಅಂತೀನಿ. ನೀವು ನಿನ್ನೆ ಇದ್ದ ಹಾಗೇ ಇರಿ."

ಬಾಗಿಲಲ್ಲಿ ಅಂಬಿಳಿ ಕಾಣಿಸಿಕೊಂಡಳು. ರಾಧಾಮಣಿಯನ್ನು ಕಂಡವಳೇ ಕೈಯಲ್ಲಿದ್ದ ಬಾಳೆಕಾಯಿ ಚಿಪ್ಸಿನ ಪೊಟ್ಟಣವನ್ನು ಅವಳ ಕೈಗೆ ತುರುಕಿದಳು. ರಾಧಾಮಣಿ ಅದನ್ನು ಹಿಡಿದುಕೊಂಡೇ ಮೆಟ್ಟಿಲಿಳಿದಳು.

ಅವರು ಊರಿಗೆ ಹೋಗಲಿಲ್ಲ, ಮಗುವಿಗೆ ಮುಖವಾಡದ ಅಳತೆ ಕೊಡಿಸಿದರು. ಓಣಂ ಊಟವನ್ನು ಲಾಡ್ಜಿನಲ್ಲೇ ಎಲೆ ಹಾಕಿ ಉಂಡರು. ಮರುದಿನ ಕರೆಂಟು ಶುರುವಾಯಿತು. ರಾಧಾಮಣಿ ಎಲ್ಸಿ ಡಾಕ್ಟರ ಮುಂದೆ ಎಲ್ಲ ಒಪ್ಪಿಕೊಂಡಳು. ಅವರು ಬಯ್ದರು, ಬಯ್ದ ಮೇಲೆ, "ನಿನಗೆ ನಾನು ಮೊದಲೇ ಹೇಳಬೇಕಿತ್ತು," ಎಂದರು. ಇಪ್ಪತ್ತೆರಡು ವರ್ಷಕ್ಕೆ ಆ ಒಂದು ಮಾತಾದರೂ ಬಂತು.

ಆದರೆ ಅವಳ ಫಜೀತಿ ಶುರುವಾದದ್ದು ಆಮೇಲೆ. ದಿನಾ ಕರೆಂಟು ಮುಗಿಸಿ ಅಂಬಿಳಿ ಕಿಟಕಿಗೆ ಬರುವಳು. "ಚೇಚಿ, ಇವತ್ತು ವಾಂತಿ ಮಾಡ್ಲಿಲ್ಲ." "ಚೇಚಿ, ಇವತ್ತು ಅರ್ಧ ಇಡ್ಲಿ ತಿಂದಳು." ರಾಧಾಮಣಿ ಯಾವ ಮುಖ ಇಟ್ಟುಕೊಳ್ಳಬೇಕು? ನಕ್ಕರೆ ಮೋಸ. ರಿಜಿಸ್ಟರ್ ನೋಡಿದರೆ ಅಂಬಿಳಿಯ ಅನ್ನಕ್ಕೆ ಕಲ್ಲು. ತುಳಸೀಧರನ್ ದೂರದಲ್ಲಿ ಬೆನ್ನು ಮಾಡಿ ನಿಲ್ಲುತ್ತಿದ್ದ, ಒಂದು ದಿನವೂ ಇತ್ತ ತಿರುಗಲಿಲ್ಲ. ಸಾಲದ್ದಕ್ಕೆ ಅಂಬಿಳಿ ವಾರ್ಡಿನಲ್ಲೆಲ್ಲ ಹೇಳಿಕೊಂಡಿದ್ದಳು, ಆ ಕಿಟಕಿಯ ಚೇಚಿಯ ಬಾಯಿಗುಣ ಒಳ್ಳೆಯದೆಂದು. ಯಾರು ಯಾರೋ ಬರತೊಡಗಿದರು.

"ನಮ್ಮದಕ್ಕೂ ಒಂದು ಒಳ್ಳೆ ಮಾತು ಹೇಳಿ ಚೇಚಿ."

"ನಮ್ಮ ಬಾಟಲಿ ಇನ್ನೂ ಒಳಗೇ ಹೋಗಿಲ್ಲ. ಆದ್ರೂ ಪರವಾಗಿಲ್ಲ, ಒಂದು ಸಲ ನಕ್ಕುಬಿಡಿ."

"ಏನು ರಾಧಾಮಣೀ, ಕಿಟಕೀಲಿ ಅಕ್ಕಿ ಸಕ್ಕರೆ ಕೊಡ್ತಿದೀಯಾ, ಇಷ್ಟು ಸಾಲು?" ಎಂದು ಎಲ್ಸಿ ಡಾಕ್ಟರು ಹೋಗುತ್ತ ಬರುತ್ತ ಕೆಣಕಿದರು. ರಾಧಾಮಣಿ ಬಂದವರನ್ನೆಲ್ಲ ಗದರಿ ಕಳಿಸಿದಳು. ಗದರಿದ್ದಕ್ಕೆ ಮನೆಗೆ ಹೋಗಿ ತಾನೇ ಊಟ ಬಿಟ್ಟಳು. ಒಂದು ಮಾತಿಗೆ ಇಷ್ಟು ಬೆಲೆಯೇ ಎಂದು ವಿಕ್ರಮನ್‌ನನ್ನು ಕೇಳಿದರೆ, "ನನ್ನ ಕೇಳಿದ್ರೆ? ನಾನು ಮೂವತ್ತು ವರ್ಷ ಬಸ್ಸಲ್ಲಿ ಟಿಕೆಟ್ ಹರಿದವನು," ಎಂದು ಅವನು ಮಗ್ಗುಲಾದ.

ಆರು ವಾರ ಮುಗಿಯಿತು. ಕೊನೆಯ ದಿನ ಅಂಬಿಳಿ ಗೋಪಿಕಳ ಕೈ ಹಿಡಿದುಕೊಂಡು ಕಿಟಕಿಗೆ ಬಂದಳು. ತುಳಸೀಧರನ್ ಔಷಧದ ಚೀಟಿ ಹಿಡಿದು ಅಂಗಡಿಯ ಸಾಲಿನಲ್ಲಿದ್ದ. ಮಗು ಸೊರಗಿತ್ತು. ಹುಬ್ಬಿನ ಕೂದಲೂ ಉದುರಿತ್ತು.

"ಚೇಚಿ, ಒಂದು ಕೇಳ್ಲಾ?" ಎಂದಳು ಅಂಬಿಳಿ. ದನಿ ತಗ್ಗಿಸಿದಳು. "ಇವಳು ಉಳೀತಾಳಲ್ವಾ?"

ಹೂಂ ಎಂದು ತಲೆಯಾಡಿಸಿದರೆ ಮುಗಿಯುತ್ತಿತ್ತು. ತುಳಸೀಧರನ್ ಕೇಳಿಕೊಂಡದ್ದೂ ನಡೆಯುತ್ತಿತ್ತು. ರಾಧಾಮಣಿಯ ಕತ್ತು ಅಲ್ಲಾಡಲಿಲ್ಲ.

"ನನಗೆ ಗೊತ್ತಿಲ್ಲ ಅಂಬಿಳೀ. ಅವತ್ತು ನಾನು ಹೇಳಿದ್ದು..."

"ಬಿಡಿ ಚೇಚಿ. ಇಲ್ಲಿ ಯಾರಿಗೂ ಗೊತ್ತಿಲ್ಲ ಅಂತ ನನಗೆ ಯಾವಾಗಲೋ ಗೊತ್ತಾಗಿದೆ. ಆ ಬಣ್ಣ ಗಿಣ್ಣ ನನಗೆ ಅವತ್ತೂ ಅರ್ಥ ಆಗ್ಲಿಲ್ಲ. ಇವರು ಏನೇನೋ ಹೇಳಿದ್ರು, ನಾನು ಹೂಂ ಅಂದೆ." ಅವಳು ಮಗುವಿನ ಟೋಪಿ ಸರಿ ಮಾಡಿದಳು. "ಆಪರೇಷನ್ ಆದಾಗಿಂದ ಎಷ್ಟು ಜನ ಇವಳನ್ನ ನೋಡಿದ್ರು. ಡಾಕ್ಟರು, ನರ್ಸು, ನಮ್ಮ ಮನೆಯೋರು. ಎಲ್ಲ ಇವಳ ತಲೆ ನೋಡ್ತಾರೆ, ಆಮೇಲೆ ನೆಲ ನೋಡ್ತಾರೆ. ಇವಳ ಮುಖ ನೋಡಿ ನಕ್ಕಿದ್ದು ನೀವೊಬ್ಬರೇ. ಅದಕ್ಕೇ ಅವತ್ತು ನನಗೆ ಅನ್ನ ಸೇರಿದ್ದು."

ಆರು ವಾರ ತಾನು ಬೇಯುತ್ತಿದ್ದುದು ಯಾವ ತಪ್ಪಿಗಾಗಿ, ಯಾವುದು ತಪ್ಪಾಗಿತ್ತು, ಯಾವುದು ಆಗಿರಲಿಲ್ಲ, ರಾಧಾಮಣಿಗೆ ಒಂದೂ ಬಗೆಹರಿಯಲಿಲ್ಲ. ಗೋಪಿಕ ಕಿಟಕಿಯ ಕಟ್ಟೆಗೆ ಗಲ್ಲ ಒತ್ತಿ ಒಳಗೆ ಇಣುಕುತ್ತಿದ್ದಳು.

"ಆಂಟಿ, ನಾವು ಊರಿಗೆ ಹೋಗ್ತೀವಿ," ಎಂದಿತು ಮಗು.

ರಾಧಾಮಣಿ ಅದರ ಮುಖ ನೋಡಿದಳು. ನಗಬಹುದೋ ಬಾರದೋ ಎಂದು ಅವಳಿಗೆ ಆಗಲೂ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು ನಕ್ಕಳು.